ಹಿಂದಲೆಯ ಸಿಕ್ಕು

“ನಿಮ್ಮ ತಲೆಗೆ ಯಾರೂ ಕತ್ತರಿ ಹಾಕದ ಹಾಗೆ ನಾನು ನೋಡ್ಕೋತೀನಿ ಅತ್ತೆ” ಎಂದು ಸೊಸೆ ಮಾತು ಕೊಟ್ಟಾಗ ಅವಳ ಮಗಳಿಗೆ ಇನ್ನೂ ಹಲ್ಲು ಬಂದಿರಲಿಲ್ಲ. ಪಾತ್ರೆ ತೊಳೆಯುತ್ತಾ, ಬೆನ್ನು ತಿರುಗಿಸಿಕೊಂಡೇ ಕೊಟ್ಟ ಮಾತು ಅದು. ಅತ್ತೆ ಅಷ್ಟಕ್ಕೆ ಬಿಡುವವರಲ್ಲ. ಕೈ ಒರೆಸಿಕೊಂಡು ಬಂದು ಮುಖ ನೋಡಿ ಹೇಳು ಅಂದರು. ಅವಳು ನಗುತ್ತಾ ಬಂದು ಇನ್ನೊಮ್ಮೆ ಹೇಳಿದಳು.

ಅತ್ತೆ ಆಗತಾನೇ ಆಸ್ಪತ್ರೆಯಿಂದ ಬಂದಿದ್ದರು. ಕಾಯಿಲೆಗೆಂದು ಹೋದವರಲ್ಲ. ದೊಡ್ಡಾಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ಅವರು ಸಂಬಳವಿಲ್ಲದ ಒಂದು ಕೆಲಸವನ್ನು ತಾವಾಗಿಯೇ ಮೈಮೇಲೆ ಹಾಕಿಕೊಂಡಿದ್ದರು, ತಲೆ ಬಾಚುವುದು. ಹಾಸಿಗೆ ಹಿಡಿದವರ ಕೂದಲು ದಿಂಬಿಗೆ ಉಜ್ಜಿ ಉಜ್ಜಿ ಹಿಂದಲೆಯಲ್ಲಿ ಕಂಬಳಿಯಂತೆ ಗಟ್ಟಿಯಾಗುತ್ತದೆ. ಬಿಡಿಸಲು ನರ್ಸುಗಳಿಗೆ ಪುರುಸೊತ್ತೆಲ್ಲಿ? ಕತ್ತರಿ ಆಡಿಸಿ ಮುಗಿಸುತ್ತಾರೆ. ಅತ್ತೆ ಎಣ್ಣೆ ಬಾಟಲಿ, ಅಗಲ ಹಲ್ಲಿನ ಬಾಚಣಿಗೆ ಹಿಡಿದು ಆ ಕತ್ತರಿಗೆ ಅಡ್ಡ ನಿಲ್ಲುತ್ತಿದ್ದರು. ಬುಡದಿಂದ ಎಳೆದರೆ ಜೀವ ಹೋಗುತ್ತದೆ, ತುದಿಯಿಂದ ಶುರುಮಾಡಬೇಕು, ಎಳೆ ಎಳೆಯಾಗಿ. ಅವರು ನೋವು ಎಂದ ಕ್ಷಣ ಕೈಬಿಡಬೇಕು ಎನ್ನುವುದು ಅವರ ಪಾಠ. ಕೈ ಆಡುತ್ತಿದ್ದರೆ ಬಾಯಿಗೂ ಬಿಡುವಿಲ್ಲ. “ಏನ್ ತಾಯಿ, ಇದರೊಳಗೆ ಗುಬ್ಬಿಗೆ ಬಾಡಿಗೆಗೆ ಕೊಟ್ಟಿದ್ದೀಯಾ?” ಎಂದು ಬದುಕಿನ ಆಸೆ ಬಿಟ್ಟವರನ್ನೂ ನಗಿಸುತ್ತಿದ್ದರು. ಅಲ್ಲಿ ಅವರಿಗೆ ಬಾಚಣಿಗೆ ಅಜ್ಜಿ ಎಂದೇ ಹೆಸರು.

ಮನೆಯಲ್ಲಿ ಬರೀ ಅಜ್ಜಿ. ಮಗ ತೀರಿಕೊಂಡ ಮೇಲೆ ಸೊಸೆ ಬಿಸ್ಕತ್ತು ಕಾರ್ಖಾನೆಯ ಪ್ಯಾಕಿಂಗಿನಲ್ಲಿ ಪಾಳಿಯ ಮೇಲೆ ಪಾಳಿ ಹಿಡಿದಳು. ಮೊಮ್ಮಗಳನ್ನು ಎಬ್ಬಿಸಿ, ತಿನ್ನಿಸಿ, ಎರಡು ಜಡೆ ಹೆಣೆದು ಶಾಲೆಗೆ ಬಿಟ್ಟ ನಂತರವೇ ಅಜ್ಜಿ ಆಸ್ಪತ್ರೆಯ ಬಸ್ಸು ಹತ್ತುತ್ತಿದ್ದುದು. ಜ್ವರದಲ್ಲಿ ಮಗು ಕನವರಿಸಿದರೂ ಅಜ್ಜಿಯ ಹೆಸರೇ. ಮೊದಮೊದಲು ಸೊಸೆಗೆ ಹೊಟ್ಟೆ ಉರಿಯುತ್ತಿತ್ತು. ಆಮೇಲಾಮೇಲೆ ತಲೆ ಸಿಡಿದ ದಿನ ಅವಳೂ ಅತ್ತೆಯ ಮುಂದೆ ಬೆನ್ನು ಕೊಟ್ಟು ಕೂರತೊಡಗಿದಳು.

ಪಾರ್ಶ್ವವಾಯು ಬಡಿದಾಗ ಅತ್ತೆಯನ್ನು ಅದೇ ವಾರ್ಡಿಗೆ ಸೇರಿಸಿದರು. ಬಲಗೈ ಹೋಯಿತು, ಮಾತು ನಿಂತಿತು. ಸೊಸೆ ಪಾಳಿಗೆ ಮುಂಚೆ ಓಡಿಬಂದು, ಮುಖ ಒರೆಸಿ, ಮುಂದಲೆಯನ್ನು ನೀರು ಹಚ್ಚಿ ಬಾಚಿ, ಜಡೆಯ ತುದಿಯನ್ನು ಹೆಗಲ ಮೇಲೆ ತಂದಿಟ್ಟು, ನಿಂತ ಕಾಲಲ್ಲೇ ಹಿಂದಿರುಗುತ್ತಿದ್ದಳು. ನೋಡುವವರಿಗೆ ಲಕ್ಷಣವಾಗಿ ಕಾಣುತ್ತಿತ್ತು. ಅವಳಿಗೂ ಹಾಗೇ ಕಾಣುತ್ತಿತ್ತು. ನೋವಾದೀತೆಂದು ತಲೆ ಎತ್ತಿಸಲಿಲ್ಲ. ಬಸ್ಸು ತಪ್ಪೀತೆಂದೂ ಎತ್ತಿಸಲಿಲ್ಲ.

ಒಂದು ಬೆಳಿಗ್ಗೆ ವಾರ್ಡಿನ ಹಳೆಯ ನರ್ಸು, ಕತ್ತರಿಗಾಗಿ ಅತ್ತೆಯೊಡನೆ ವರ್ಷಗಟ್ಟಲೆ ಜಗಳವಾಡಿದವಳು, ಸೊಸೆಯನ್ನು ಪಕ್ಕಕ್ಕೆ ಕರೆದಳು. ಇಬ್ಬರೂ ಸೇರಿ ಅತ್ತೆಯನ್ನು ಮಗ್ಗುಲಾಗಿಸಿದರು. ಹಿಂದಲೆ ಪೂರ್ತಿ ಒಂದೇ ಗಂಟು. ಅದರಡಿ ಹುಣ್ಣಾಗಿ ವಾಸನೆ ಬರುತ್ತಿತ್ತು. ಸಂಜೆ ಡಾಕ್ಟರು ಹುಣ್ಣು ತೊಳೆಯುವುದರೊಳಗೆ ಕೂದಲು ಹೋಗಲೇಬೇಕು.

“ಬೇರೆ ಯಾರಾದ್ರೂ ಆಗಿದ್ರೆ ಆಗಲೇ ಕತ್ತರಿಸ್ತಿದ್ದೆ ಕಣಮ್ಮ” ಎಂದಳು ನರ್ಸು. “ಇವರಿಗೆ ಕೈ ಏಳಲಿಲ್ಲ.”

ಸಂಜೆಯವರೆಗೆ ಬಿಡಿ ಎಂದು ಸೊಸೆ ಬೇಡಿಕೊಂಡಳು. ಕಾರ್ಖಾನೆಗೆ ಬರುವುದಿಲ್ಲವೆಂದು ಹೇಳಿಕಳಿಸಿ, ಎಣ್ಣೆ ಸುರಿದುಕೊಂಡು ತುದಿಯಿಂದ ಶುರುಮಾಡಿದಳು. ಮಧ್ಯಾಹ್ನಕ್ಕೆ ಅಂಗೈಯಗಲ ಬಿಟ್ಟುಕೊಂಡಿತು. ಆಸೆ ಹುಟ್ಟಿತು. ಶಾಲೆ ಬಿಟ್ಟು ಬಂದ ಮಗಳು ಆ ಬದಿಯ ಸ್ಟೂಲಿನಲ್ಲಿ ಅಜ್ಜಿಯ ಎಡಗೈ ಹಿಡಿದು ಕುಳಿತಳು. ಬಾಚಣಿಗೆ ಹುಣ್ಣಿನ ಹತ್ತಿರ ಹತ್ತಿರ ಬಂತು.

“ಅಮ್ಮಾ” ಎಂದಳು ಮಗಳು ಮೆಲ್ಲಗೆ. “ನೀನು ಎಳೆದಾಗೆಲ್ಲ ಅಜ್ಜಿ ನನ್ನ ಕೈ ಹಿಂಡ್ತಿದ್ದಾರೆ.”

ಸೊಸೆ ಬಗ್ಗಿ ನೋಡಿದಳು. ಅತ್ತೆಯ ಕಣ್ಣಿನಿಂದ ನೀರಿಳಿದು ದಿಂಬು ಒದ್ದೆಯಾಗಿತ್ತು. ಎಷ್ಟು ಹೊತ್ತಿನಿಂದಲೋ. ನೋವು ಎನ್ನಲು ಬಾಯಿ ಇರಲಿಲ್ಲ, ಇವಳು ಕೇಳಿರಲೂ ಇಲ್ಲ.

ಬಾಚಣಿಗೆ ಕೆಳಗಿಟ್ಟಳು. ನರ್ಸು ಕತ್ತರಿ ಹಿಡಿದು ಬಂದಾಗ, ಇಲ್ಲಿ ಕೊಡಿ ಎಂದು ಕೈ ಚಾಚಿದಳು.

“ಅತ್ತೆ, ನನ್ನ ಕೈಲಿ ಆಗಲಿಲ್ಲ” ಎಂದಷ್ಟೇ ಅಂದಳು.

ದಪ್ಪ ಬಟ್ಟೆ ಕತ್ತರಿಸಿದಂತೆ ಕರಕರ ಸದ್ದಾಯಿತು. ಹಿಡಿಗೂದಲು ಮಡಿಲಲ್ಲಿ ಬಿತ್ತು. ಮಗಳು ಗೋಡೆಯ ಕಡೆ ಮುಖ ಮಾಡಿಕೊಂಡಳು.

ಹುಣ್ಣಿನ ನಂಜು ಏರಿ ಅದೇ ವಾರ ಅತ್ತೆ ಹೋದರು. ಅವರಿಂದ ಬಾಚಿಸಿಕೊಂಡು ಗುಣವಾಗಿ ಹೋಗಿದ್ದ ಹೆಂಗಸರು ಎಲ್ಲೆಲ್ಲಿಂದಲೋ ಬಂದರು, ಮನೆಯ ಬಾಗಿಲಿನಾಚೆಯವರೆಗೂ ನಿಂತರು. ಜಡೆಯಿಲ್ಲದೆ ಕಿವಿಗಳ ಹಿಂದೆಲ್ಲ ಬೋಳುಬೋಳಾದ ತಲೆ ಎಲ್ಲರಿಗೂ ಕಾಣುತ್ತಿತ್ತು. ಒಬ್ಬಾಕೆ ಬಟ್ಟೆ ಎಳೆದು ಮುಚ್ಚಲು ಹೋದಳು, ಸೊಸೆ ಬೇಡವೆಂದಳು. ಆಸ್ಪತ್ರೆಯವರ ಕೆಲಸವಾ ಎಂದು ಆಕೆ ಕೇಳಿದ್ದಕ್ಕೆ, ಅಲ್ಲ, ನಾನೇ ಎಂದಳು. ಆಕೆ ಹಿಡಿದ ಬಟ್ಟೆಯನ್ನು ಬಿಟ್ಟಳು.

ಕೊಟ್ಟ ಮಾತನ್ನು ಸೊಸೆ ಉಳಿಸಿಕೊಳ್ಳಲಿಲ್ಲ.