ಗೋಡೆ ತಿಂದ ಸೋಡಿಯಂ

ನಿನ್ನೆಯ ಅಂಕಿಯನ್ನು ಇವತ್ತಿನದೆಂದು ಎಂದಿಗೂ ಬರೆಯುವುದಿಲ್ಲ ಎಂದು ನೀಲಾಂಬಿಕಾ ತನ್ನ ಅಪ್ಪನಿಗೆ ಮಾತು ಕೊಟ್ಟಾಗ ನಾನಿನ್ನೂ ಹುಟ್ಟಿರಲಿಲ್ಲ. ಆ ಮಾತಿನ ಸುದ್ದಿ ನನಗೆ ತಿಳಿದದ್ದು ನಾನು ಹುಟ್ಟುತ್ತಿದ್ದ ದಿನ, ಬೆಂಕಿಯ ಮುಂದೆ.

ನಾನು ಒಂದು ಕ್ವಾರ್ಟ್ಸ್ ಗಾಜಿನ ಕೊಳವೆ. ಎರಡು ಮೊಳ ಉದ್ದ, ಮುಂಗೈಯಷ್ಟು ದಪ್ಪ. ಧಾರವಾಡದ ಕಡೆಯ ಒಂದು ಪ್ರಯೋಗಾಲಯದ ಹಿಂದೆ ತಗಡಿನ ಮಾಡಿನ ಕೋಣೆಯಿತ್ತು. ಅಲ್ಲಿ ಗಾಜು ಊದುವ ದಸ್ತಗೀರಸಾಬರು ನನ್ನ ಮೈಗೆ ಕವಲುಗಳನ್ನು ಬೆಸೆದರು, ತುದಿಗೆ ಕಿಟಕಿ ಕೂರಿಸಿದರು. ಪಿಎಚ್.ಡಿ. ಪದವಿಗೆ ಸಂಶೋಧನೆ ಮಾಡುತ್ತಿದ್ದ ನೀಲಾಂಬಿಕಾ ಪಕ್ಕದಲ್ಲಿ ನಿಂತು ನೋಡುತ್ತಿದ್ದಳು. ಕೆಲಸ ನಡೆದಂತೆ ಮಾತು ಹೊರಳಿತು.

"ನಮ್ಮಪ್ಪ ಕರೆಂಟ್ ಕಾರ್ಖಾನಿ ಬಾಯ್ಲರ್ ಮ್ಯಾಲೆ ಕೆಲಸಕ್ಕ ಇದ್ದ, ಕಾಕಾ. ದಿನಾ ಏಳು ಅಂತಸ್ತು ಹತ್ತಿ ಪೈಪಿನ ಕಾವು ನೋಡಿ ಬರಕೋಬೇಕಿತ್ತು. ಒಂದಿನ ಮೊಣಕಾಲು ನೋವಂತ ಹತ್ತಲಿಲ್ಲ. ನಿನ್ನಿ ಅಂಕೀನ ಬರದಬಿಟ್ಟ. ಮರುದಿನ ಪೈಪು ಒಡೀತು. ಜೋಡೀಲೆ ಇದ್ದ ಗುರುಪಾದಪ್ಪ ಮಾಮಾ ಉಗಿಯೊಳಗ ಬೆಂದು ಹೋದ. ನಿನ್ನಿ ಅಂಕೀನ ಇವತ್ತಿಂದಂತ ಎಂದೂ ಬರಿಯೂದಿಲ್ಲಂತ ಅವತ್ತ ನನ್ನ ಕಡೆ ಮಾತು ತೊಗೊಂಡ."

ದಸ್ತಗೀರಸಾಬರು ಉರಿ ಸಣ್ಣದು ಮಾಡಿದರು. "ಹಸಿ ಬೆಸುಗಿ ಮುಂದ ಇಂಥಾ ಸುದ್ದಿ ಆಡಬ್ಯಾಡ ತಂಗಿ, ಕಣ್ಣು ತಪ್ಪತೈತಿ. ಇಕಿ ನನ್ನ ನಾಲ್ಕನೇ ಮಗಳು. ಮೊದಲಿನ ಮೂರು ಮಂದೀನ ನಿಮ್ಮ ಪ್ರೊಫೆಸರ್ ಸಾಹೇಬ್ರು ಒಡದು ಹಾಕ್ಯಾರ. ಇಕೀನರ ನೆಟ್ಟಗ ಬಾಳಿಸು."

ಬಾಳಿಸಿದಳು. ನನ್ನ ಸುತ್ತ ವಿದ್ಯುತ್ ಕುಲುಮೆ ಕಟ್ಟಿದಳು.

ಕಲ್ಲಿದ್ದಲಿನಲ್ಲಿ ಉಪ್ಪಿನ ಅಂಶ ಇರುತ್ತದೆ, ಗಂಧಕವೂ ಇರುತ್ತದೆ. ಉರಿಯಲ್ಲಿ ಉಪ್ಪಿನೊಳಗಿನ ಸೋಡಿಯಂ ಗಂಧಕದ ಹೊಗೆಯನ್ನು ಕೂಡುತ್ತದೆ. ಕೊನೆಗೆ ಪೈಪಿನ ಮೇಲೆ ಹಕ್ಕಳೆಯಾಗಿ ಕೂತು ಕಬ್ಬಿಣವನ್ನು ತಿನ್ನುತ್ತದೆ. ಅವೆರಡು ಎಷ್ಟು ಬೇಗ ಕೂಡುತ್ತವೆ? ಅದನ್ನು ಅಳೆಯಲೆಂದೇ ನಾನು ಹುಟ್ಟಿದ್ದು. ನನ್ನ ಒಂದು ತುದಿಯಲ್ಲಿ ಸೋಡಿಯಂ ಕಾದು ಆವಿಯಾಗುತ್ತಿತ್ತು. ಸಾರಜನಕ ಆ ಪರಮಾಣುಗಳನ್ನು ನನ್ನ ಹೊಟ್ಟೆಯೊಳಗೆ ನೂಕಿಕೊಂಡು ಹೋಗುತ್ತಿತ್ತು. ನಡುವೆ ಗಂಧಕದ ಅನಿಲ ಬಂದು ಸೇರುತ್ತಿತ್ತು. ಕೊನೆಯ ಕಿಟಕಿಯಲ್ಲಿ ಹಳದಿ ದೀಪ. ಅದರ ಬೆಳಕಿಗೆ ಉಳಿದ ಸೋಡಿಯಂ ಮಿನುಗುತ್ತಿತ್ತು. ಮಿನುಗು ಎಷ್ಟು ಕುಂದಿತೋ ಅಷ್ಟು ಪರಮಾಣುಗಳು ಮುಗಿದವು ಎಂದು ಲೆಕ್ಕ.

ಒಂದೇ ತೊಡಕು. ಆ ತೊಡಕು ನಾನೇ. ದಾರಿಯಲ್ಲಿ ನನ್ನ ಗೋಡೆಗೆ ತಾಗಿದ ಸೋಡಿಯಂ ಅಲ್ಲೇ ಅಂಟಿಕೊಳ್ಳುತ್ತಿತ್ತು. ಅದಕ್ಕಾಗಿ ದಿನಾ ಬೆಳಿಗ್ಗೆ ಮೊದಲು ಗಂಧಕ ಬಿಡದೆ ಬರೀ ಸೋಡಿಯಂ ಹರಿಸಿ ನೋಡಬೇಕು. ಬ್ಲಾಂಕ್ ಎನ್ನುತ್ತಿದ್ದರು. ಅದರಲ್ಲಿ ಕುಂದಿದ ಮಿನುಗು ಗೋಡೆ ತಿಂದದ್ದು. ಅದನ್ನು ಕಳೆದು ಉಳಿದದ್ದೇ ಗಂಧಕದ ಪಾಲು. ಬ್ಲಾಂಕಿಗೆ ಅರ್ಧ ದಿನ ಹೋಗುತ್ತಿತ್ತು. ಹೀಗಾಗಿ ಆ ಪ್ರಯೋಗಾಲಯದಲ್ಲಿ ಒಂದು ರೂಢಿ ಬೆಳೆದಿತ್ತು: ಸೋಮವಾರ ಒಂದು ಬ್ಲಾಂಕ್ ತೆಗೆದು ವಾರವಿಡೀ ಅದನ್ನೇ ಬರೆಯುವುದು.

ನೀಲಾಂಬಿಕಾ ಒಪ್ಪಲಿಲ್ಲ. ಅವಳ ಮಾರ್ಗದರ್ಶಕರಾದ ಪ್ರೊಫೆಸರ್ ತೊರಗಲ್ಲಮಠ ನಗುತ್ತಿದ್ದರು. "ಗೋಡಿ ಏನು ದಿನಾ ಸೀರಿ ಬದಲಸ್ತೈತೇನವಾ?"

ಎರಡು ವರ್ಷ ಅವಳು ದಿನಾ ಬ್ಲಾಂಕ್ ತೆಗೆದಳು. ಆಮೇಲೆ ಅವಳ ಪುಟ್ಟ ಮಗಳಿಗೆ ಕಾಮಾಲೆಯಾಯಿತು. ಒಂದೂವರೆ ತಿಂಗಳು ನನ್ನ ಕುಲುಮೆ ತಣ್ಣಗಿತ್ತು. ಮರಳಿ ಬಂದಾಗ ಅವಳ ಕೊರಳ ಮೂಳೆ ಎದ್ದು ಕಾಣುತ್ತಿತ್ತು. ಮೂರಕ್ಕೆ ಶಾಲೆ ಬಿಡುತ್ತಿತ್ತು, ಮಗುವನ್ನು ಕರೆತರಲು ಬೇರೆ ಯಾರೂ ಇರಲಿಲ್ಲ. ಒಂದು ಗುರುವಾರ ಅವಳು ನೋಟ್‌ಬುಕ್ಕಿನ ಹಿಂದಿನ ಪುಟ ತಿರುವಿದಳು. ಗಡಿಯಾರ ನೋಡಿದಳು. "ಇವತ್ತೊಂದಿನ," ಎಂದಳು. ಬುಧವಾರದ ಬ್ಲಾಂಕನ್ನು ಗುರುವಾರಕ್ಕೆ ಇಳಿಸಿದಳು.

ಆ ಒಂದು ದಿನ ಹದಿನಾಲ್ಕು ತಿಂಗಳಾಯಿತು, ಬ್ಲಾಂಕಿನ ಅಂಕಿ ಅದೇ ಬುಧವಾರದ್ದು.

ಅಷ್ಟರಲ್ಲಿ ನಾನು ಬದಲಾಗುತ್ತಿದ್ದೆ. ಕಾದ ಸೋಡಿಯಂ ಕ್ವಾರ್ಟ್ಸನ್ನು ಕಚ್ಚುತ್ತದೆ. ಮೊದಲು ಚಹದ ಕಲೆಯಂತೆ, ಬರಬರುತ್ತ ಸುಟ್ಟ ಬೆಲ್ಲದಂತೆ ನನ್ನೊಳಗು ಕಂದಿತು, ಒರಟಾಯಿತು. ಒರಟಾದಷ್ಟೂ ನನ್ನ ಹಸಿವು ಹೆಚ್ಚಿತು. ನಾನು ತಿಂದದ್ದೆಲ್ಲ ಗಂಧಕದ ಹೆಸರಿಗೆ ಬರೆಯಲ್ಪಟ್ಟಿತು. ಅವೆರಡು ಕೂಡುವ ವೇಗದ ಅಂಕಿ ದೊಡ್ಡದಾಗಿ ಬಂತು. ಪ್ರೊಫೆಸರರು ಫೇಡೆ ಹಂಚಿದರು. ಅಂಕಿ ವಿದೇಶದ ಪತ್ರಿಕೆಯಲ್ಲಿ ಅಚ್ಚಾಯಿತು, ಪ್ರಬಂಧ ಬೈಂಡ್ ಆಯಿತು.

ಮೌಖಿಕ ಪರೀಕ್ಷೆಗೆ ಒಂದು ವಾರ ಇರುವಾಗ, ಪರೀಕ್ಷಕರಿಗೆ ತೋರಿಸಲು ಚಂದದ ನಕ್ಷೆ ಇರಲೆಂದು ಅವಳು ಹೊಸದಾಗಿ ಬ್ಲಾಂಕ್ ತೆಗೆದಳು. ಗಂಧಕವೇ ಇಲ್ಲ, ಮಿನುಗು ಮಾತ್ರ ಜರ್ರನೆ ಇಳಿಯಿತು. ಅವಳು ನಕ್ಷೆಯನ್ನು ಹರಿದುಕೊಂಡು ಹೋಗಿ ಪ್ರೊಫೆಸರರ ಮುಂದೆ ಹಿಡಿದಳು.

"ಸರ್, ಅರ್ಧಕ್ಕಿಂತ ಹೆಚ್ಚು ಇದ ತಿಂದೈತಿ. ನಮ್ಮ ಅಂಕಿ ಸುಳ್ಳು."

ತೊರಗಲ್ಲಮಠರು ನಕ್ಷೆಯನ್ನು ಬಹಳ ಹೊತ್ತು ನೋಡಿದರು. ಈ ಸಲ ನಗಲಿಲ್ಲ. "ನಾ ಬರೋ ತಿಂಗಳ ರಿಟೈರ್ ಆಗ್ತೀನಿ. ಮತ್ತ ಎರಡು ವರ್ಷ ಎಲ್ಲಾ ಹೊಸದಾಗಿ ಅಳೀಬೇಕಂದ್ರ ನಿನ್ನ ಯಾರು ಕೈ ಹಿಡೀತಾರ? ಕಾಲೇಜಿನ ನೌಕರಿ ಈ ಪದವಿ ಮ್ಯಾಲೆ ನಿಂತೈತಿ. ಮಗಳನ್ನ ನೆನಸ್ಕೊ. ಆಮ್ಯಾಲೆ ನಿನಗ ತಿಳದಂಗ ಮಾಡು."

ಅವಳು ನಕ್ಷೆಯನ್ನು ನಾಲ್ಕು ಮಡಿಕೆ ಮಾಡಿ, ಟಿಫಿನ್ ಡಬ್ಬಿಯ ಕೆಳಗೆ ಚೀಲದಲ್ಲಿಟ್ಟುಕೊಂಡಳು. ಅದನ್ನು ಯಾರಿಗೂ ತೋರಿಸಲಿಲ್ಲ.

ಪರೀಕ್ಷೆ ಮುಗಿದ ಮಧ್ಯಾಹ್ನ ಅವಳ ಅಪ್ಪ ಕುಂಟುತ್ತ ಪ್ರಯೋಗಾಲಯಕ್ಕೆ ಬಂದ. ನೀಲಾಂಬಿಕಾಳ ಹೆಗಲ ಮೇಲೆ ಪದವಿ ಸಿಕ್ಕಿದ್ದಕ್ಕೆ ಹೊದಿಸಿದ ಶಾಲು ಇತ್ತು. ಕುಲುಮೆ ಬಿಚ್ಚಿಟ್ಟಿದ್ದರು. ಮುದುಕ ನನ್ನ ತೆರೆದ ಬಾಯಲ್ಲಿ ಬೆರಳಿಟ್ಟು ಸವರಿದ. ಆ ಬೆರಳಿಗೆ ಹಕ್ಕಳೆಯ ಗುರುತಿತ್ತು.

"ನಮ್ಮ ಪೈಪೂ ಹಿಂಗ ಆಗತಿದ್ವು, ಯವ್ವಾ. ಈ ಗೋಡೀನೂ ಒಂದೀಟು ತಿಂದಿರಬೇಕಲ?"

"ತಿಂತೈತಪ್ಪ. ಅದನ್ನ ಕಳದು ಬರೀತೀವಿ."

"ದಿನಾ ನೋಡಿ?"

ಅವಳು ಶಾಲು ಸರಿಮಾಡಿಕೊಂಡಳು. "ದಿನಾ ನೋಡಿ."

ಮುದುಕ ಕಣ್ಣೊರೆಸಿಕೊಂಡ. "ಗುರುಪಾದಪ್ಪನ ಜೀವಕ್ಕ ಇವತ್ತು ತಂಪಾತು ನೋಡು," ಎಂದ.

ಈಗ ನಾನು ಕಪಾಟಿನ ನೆತ್ತಿಯ ಮೇಲೆ ಹಳೆಯ ವೃತ್ತಪತ್ರಿಕೆಯಲ್ಲಿ ಸುತ್ತಿಕೊಂಡು ಮಲಗಿದ್ದೇನೆ. ಮೈಯಲ್ಲಿ ಬಿರುಕು ಬಿಟ್ಟಿದೆ. ಆ ಅಂಕಿ ಮಾತ್ರ ಗಟ್ಟಿಯಾಗಿದೆ. ಪುಸ್ತಕದಿಂದ ಪುಸ್ತಕಕ್ಕೆ ನಡೆದಿದೆ. ಎಲ್ಲೋ ಯಾರೋ ಅದನ್ನು ನಂಬಿ ಪೈಪಿನ ಆಯಸ್ಸು ಎಣಿಸುತ್ತಿರುತ್ತಾರೆ, ಆ ಪೈಪಿನ ಕೆಳಗೆ ಯಾರೋ ನಿಂತಿರುತ್ತಾರೆ. ಅವಳನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ದಣಿದ ತಾಯಿ ಗಡಿಯಾರ ನೋಡುವುದನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಆದರೆ ತಿಂದವಳು ನಾನು, ಎಷ್ಟು ತಿಂದೆನೆಂದು ನನಗೆ ಗೊತ್ತು.

ನೀಲಾಂಬಿಕಾ ಅಪ್ಪನಿಗೆ ಕೊಟ್ಟ ಮಾತನ್ನು ಮುರಿದಳು.