ಹದಿನೇಳನೆಯ ತೋಟೆ

ತಕ್ಕಡಿಯ ಮುಳ್ಳು ನಿಲ್ಲುತ್ತಿಲ್ಲ, ಕಿಟಕಿ ಮುಚ್ಚಿದ್ದೇನೆ, ಗಾಳಿಯಿಲ್ಲ, ಹಾಗಾದರೆ ಅಲುಗುತ್ತಿರುವುದು ಮೇಜು, ಮೇಜಿಗೆ ಊರಿದ ನನ್ನ ಮೊಣಕೈ — ಕೈ ತೆಗೆ ಆಗಾಥಾ, ಉಸಿರು ಬಿಗಿಹಿಡಿ. ಇಪ್ಪತ್ತನಾಲ್ಕು ಗ್ರಾಂ. ಸರಿಯಿದೆ. ಎಡಕ್ಕಿಡು. ಮುಂದಿನದು, ಇಪ್ಪತ್ತನಾಲ್ಕಕ್ಕೆ ಕೂದಲೆಳೆ ಹೆಚ್ಚು, ಅದು ಹಿತ್ತಾಳೆಯ ಭಾರ, ಮದ್ದಿನದಲ್ಲ. ಐವತ್ತು ತೋಟೆ ತುಂಬಿದ್ದೆ, ಬೆಳಿಗ್ಗೆ ಆಂಬ್ರೋಸ್ ಹದಿನೇಳು ಹೊಡೆದ, ಉಳಿದದ್ದು ಮೂವತ್ತಮೂರು, ಅದರಲ್ಲಿ ಒಂಬತ್ತು ತೂಗಿದ್ದಾಯಿತು, ಒಂಬತ್ತೂ ಸರಿಯಿವೆ, ಎಲ್ಲವೂ ಸರಿಯಿದ್ದರೆ ತಪ್ಪು ಕೋವಿಯದು. ಹೆರ್ಗರ್ ಹಾಗೇ ಅಂದ, ನಮ್ಮ ಕೋವಿ ಗುರಿ ಸಂಘದ ಮುಖ್ಯಸ್ಥ ಅವನು, ನನಗಿಂತ ಇಪ್ಪತ್ತೈದು ವರ್ಷ ಚಿಕ್ಕವನು, ಆದರೂ ಸಂಘದಲ್ಲಿ ಎಲ್ಲರೂ ಎಲ್ಲರನ್ನೂ ನೀನು ಎಂದೇ ಕರೆಯುವುದು, ನಲವತ್ತೆರಡನೇ ಇಸವೀಲಿ ಮಾಡಿದ ಕೋವಿ ಅದು ಆಗಾಥಾ, ಕಬ್ಬಿಣಕ್ಕೂ ವಯಸ್ಸಾಗುತ್ತೆ, ನೀನ್ಯಾಕೆ ತಲೆ ಕೆಡಿಸ್ಕೋತೀಯ, ಮಿಕ್ಕಿರೋ ತೋಟೆನ ಮನೆಗೆ ತಗೊಂಡು ಹೋಗಿ ಎತ್ತಿಡು, ಪೊಲೀಸರು ಕೇಳಿದ್ರೆ ಸಂಜೆ ಬಂದು ಇಸ್ಕೊಂಡು ಹೋಗ್ತೀನಿ. ಕೂಸಿಗೆ ಹೇಳುವಂತೆ ಮೆಲ್ಲಗೆ ಹೇಳಿದ, ಅವನ ತೋಳಿನ ಮೇಲೆ ರಕ್ತವಿತ್ತು, ಅವನದಲ್ಲ.

ಹತ್ತು. ಹನ್ನೊಂದು. ಕಬ್ಬಿಣಕ್ಕೆ ವಯಸ್ಸಾಗುವುದಿಲ್ಲ, ಅಷ್ಟು ನನಗೆ ಗೊತ್ತು, ಟೋಬಿಯಾಸ್ ಇದೇ ಮೇಜಿನ ಮುಂದೆ ನಲವತ್ತು ವರ್ಷ ಕೂತಿದ್ದವನು, ಬದುಕಿದ್ದಾಗ ಗಂಡನಿಗಿಂತ ಹೆಚ್ಚಾಗಿ ಮೇಷ್ಟ್ರೇ ಆಗಿದ್ದ, ಹೊಡೆದು ಬಿಸಾಡಿದ ತೋಟೆಯನ್ನು ಆರಿಸಿ ತಂದು, ತೊಳೆದು, ಕಂಠ ಸರಿಮಾಡಿ, ಹೊಸ ಕೇಪು ಒತ್ತಿ, ಮದ್ದು ಸುರಿದು, ಗುಂಡು ಕೂರಿಸುವುದನ್ನು ಒಂದೊಂದಾಗಿ ಕಲಿಸಿದ, ರೊಟ್ಟಿ ಹದ ಕಲಿಸುವ ಅತ್ತೆಯ ಹಾಗೆ. ಸರ್ಕಾರಿ ಪಂದ್ಯಕ್ಕೆ ಸೈನ್ಯದ ತೋಟೆಯೇ ಆಗಬೇಕು, ಅದನ್ನು ಯಾರೂ ಮುಟ್ಟುವ ಹಾಗಿಲ್ಲ, ಆದರೆ ಶನಿವಾರದ ಗೆಳೆಯರ ಗುರಿಗೆ ಮನೆಯಲ್ಲಿ ತುಂಬಿದ್ದು ನಡೆಯುತ್ತದೆ, ಆಂಬ್ರೋಸನ ಬಲಭುಜಕ್ಕೆ ಹೋದ ವರ್ಷ ಶಸ್ತ್ರಚಿಕಿತ್ಸೆ ಆದ ಮೇಲೆ ಸೈನ್ಯದ ತೋಟೆಯ ಒದೆತ ತಡೆಯಲಾಗದೆ ಮೂಲೆಯಲ್ಲಿ ಕೂರುತ್ತಿದ್ದ, ಮೂವತ್ತೆಂಟು ವರ್ಷ ಕಣಿವೆಯ ಹಳದಿ ಬಸ್ಸು ಓಡಿಸಿದವನು, ಆ ತಿರುವುಗಳಲ್ಲಿ ಒಮ್ಮೆಯೂ ರಸ್ತೆಯಂಚಿನ ಕಂಬಿಗೆ ತಾಗಿಸದವನು, ಮಕ್ಕಳ ಹಾಗೆ ಮೂಲೆಯಲ್ಲಿ. ನಾನೇ ಹೇಳಿದೆ, ಮದ್ದು ಕಮ್ಮಿ ಹಾಕಿ ತುಂಬಿಕೊಡ್ತೀನಿ, ಭುಜಕ್ಕೆ ಗೊತ್ತೇ ಆಗಲ್ಲ. ಟೋಬಿಯಾಸ್ ಇದ್ದಿದ್ದರೆ ಹುಬ್ಬು ಗಂಟಿಕ್ಕುತ್ತಿದ್ದ. ಪೂರ್ತಿ ಮದ್ದು ಯೋಗ್ಯಸ್ಥ ಕಣೇ, ಮರೆತು ಎರಡು ಸಲ ಸುರಿದ್ರೆ ಉಕ್ಕಿ ಮೇಜಿನ ಮೇಲೆ ಚೆಲ್ಲುತ್ತೆ, ಕಮ್ಮಿ ಮದ್ದು ಕಳ್ಳ, ಎರಡು ಪಾಲು ಹಾಕಿದ್ರೂ ಒಳಗೇ ಅಡಗಿ ಕೂತಿರುತ್ತೆ, ನಡುವೆ ಯಾರಾದ್ರೂ ಕರೆದ್ರೆ ಎಲ್ಲ ವಾಪಸ್ ಸುರಿ, ಒಂದರಿಂದ ಶುರುಮಾಡು, ಪೋಪ್ ಬಂದು ಕರೆದ್ರೂ ಅಷ್ಟೆ.

ಇಪ್ಪತ್ತು ಆಯಿತೇ, ಇಪ್ಪತ್ತೊಂದೇ, ಎಡಗಡೆಯವನ್ನು ಎಣಿಸು. ಇಪ್ಪತ್ತೊಂದು. ಪೋಪ್ ಬರಲಿಲ್ಲ, ಗುರುವಾರ ಬಂದದ್ದು ಆಂಬ್ರೋಸ್, ಹೊಸಿಲಲ್ಲೇ ನಿಂತ, ಟೋಪಿ ಕೈಯಲ್ಲಿ, ಇಸ್ತ್ರಿ ಮಾಡಿದ ಅಂಗಿ, ಗುರುವಾರಕ್ಕೆ ಯಾರು ಇಸ್ತ್ರಿ ಮಾಡುತ್ತಾರೆ, ನಾನು ಆಗ ಹದಿನೇಳು ಎಂದು ಬಾಯಲ್ಲಿ ಹೇಳಿಕೊಳ್ಳುತ್ತಿದ್ದೆ, ಮದ್ದಿನ ಅಳತೆ ಬಟ್ಟಲು ಕೈಯಲ್ಲಿತ್ತು, ನಿನ್ನ ಕೆಲಸ ಮುಗೀಲಿ, ಅಂದ, ಇಲ್ಲ ಹೇಳು, ಅಂದೆ, ಹೇಳೋದೇನಿಲ್ಲ, ಆಲೂಗಡ್ಡೆ ಮ್ಯಾಕರೋನಿ ಒಬ್ಬನಿಗೇ ಮಾಡೋಕೆ ಬರಲ್ಲ ಆಗಾಥಾ, ಯಾವಾಗ್ಲೂ ಇಬ್ಬರಿಗೆ ಆಗಿಬಿಡುತ್ತೆ, ಮಾರನೇ ದಿನ ಅದನ್ನೇ ತಿನ್ಬೇಕು. ಅದಕ್ಕೆ? ಅಂದೆ. ಅದಕ್ಕೆ, ನೆಂಚ್ಕೊಳ್ಳೋಕೆ ನಿನ್ನ ಸೇಬಿನ ಗೊಜ್ಜು ತಗೊಂಡು ನಮ್ಮನೆಗೆ ಬಂದುಬಿಡು, ಅಂದ, ಗೊಜ್ಜು ಕೊಟ್ಟು ಎಷ್ಟೊತ್ತಿಗೆ ವಾಪಸ್ ಬರ್ಲಿ, ಅಂದೆ, ವಾಪಸ್ ಬರೋದೇ ಬೇಡ, ಅಂದ. ಎಪ್ಪತ್ತನಾಲ್ಕು ವರ್ಷದವನ ಕಿವಿ ಕೆಂಪಾಗಿತ್ತು. ಅರವತ್ತೊಂಬತ್ತರ ನನ್ನ ಕಿವಿಯೂ ಆಗಿರಬೇಕು. ಶನಿವಾರ ಹೇಳ್ತೀನಿ ಹೋಗು, ಗುರಿ ಮುಗಿದ ಮೇಲೆ, ಈಗ ಲೆಕ್ಕ ತಪ್ಪಿಸ್ಬೇಡ ಅಂತ ನಕ್ಕೆ, ಅವನೂ ನಕ್ಕ, ಲೆಕ್ಕ ತಪ್ಪಿಸೋಕೇ ಬಂದಿದ್ದು ಅಂದ, ಅಂಗಳ ದಾಟುವವರೆಗೂ ನೋಡಿದೆ, ಬೆನ್ನು ನೆಟ್ಟಗಿತ್ತು, ಮತ್ತೆ ಮೇಜಿಗೆ ತಿರುಗಿ, ಬಟ್ಟಲಲ್ಲಿ ಮದ್ದು ತುಂಬಿ, ಹದಿನೇಳು ಎಂದು ಸುರಿದೆ.

ಆಗಲೇ ಸುರಿದಿದ್ದೆನೇ. ಹದಿನೇಳು ಎಂದದ್ದು ಸುರಿಯುವ ಮೊದಲೋ, ಸುರಿದ ಮೇಲೋ. ಬಟ್ಟಲು ಕೈಯಲ್ಲಿತ್ತು ನಿಜ, ತುಂಬಿತ್ತೋ, ಬರಿದಾಗಿತ್ತೋ. ಎಲ್ಲ ವಾಪಸ್ ಸುರಿಯಲಿಲ್ಲ, ದೀಪ ಹಿಡಿದು ಒಂದೊಂದರ ಬಾಯಿಗೆ ಇಣುಕಲಿಲ್ಲ, ಒಳಗೊಳಗೇ ಹಾಡಿಕೊಳ್ಳುತ್ತಿದ್ದೆ, ಐವತ್ತು ಸಲ ಅಳೆದು ಐವತ್ತು ಸಲ ಸುರಿದಾಗ ಮುಗಿಯಿತು ಎಂದೆ, ಎಣಿಕೆ ಸರಿ ಬಂದಿತ್ತು, ಐವತ್ತೆಂದರೆ ಐವತ್ತೇ. ಮೂವತ್ತೊಂದು. ಮೂವತ್ತೆರಡು. ಕೊನೆಯದು, ಡಬ್ಬಿಯ ಮೂಲೆಯದು, ತಕ್ಕಡಿಯ ಮೇಲಿಡುವ ಮೊದಲೇ ಬೆರಳಿಗೆ ತಿಳಿಯಿತು, ಆದರೂ ಇಟ್ಟೆ, ಮುಳ್ಳು ಈ ಸಲ ಅಲುಗಲೇ ಇಲ್ಲ. ಇಪ್ಪತ್ತಮೂರು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ, ಒಳಗೆ ಮದ್ದಿನ ಸರಸರ ಇಲ್ಲ, ಏನೂ ಇಲ್ಲ. ಇದರ ಪಾಲು ಹದಿನೇಳನೆಯದಕ್ಕೆ ಹೋಗಿತ್ತು. ಬಿಡಿಸಿ ಹೇಳುವುದೇನೂ ಇಲ್ಲ.

ಬೆಳಿಗ್ಗೆ ನಾನು ಹಿಂದಿನ ಬೆಂಚಿನಲ್ಲಿ ಕಾಫಿ ಬಗ್ಗಿಸುತ್ತಿದ್ದೆ, ಅವನು ಚಾಪೆಯ ಮೇಲೆ ಮಲಗಿ ಹೊಡೆಯುತ್ತಿದ್ದ, ತೋಟೆ ಏರಿಸಲು ಕೋವಿಯ ಹಿಡಿಯನ್ನು ನೇರ ಹಿಂದಕ್ಕೆ ಎಳೆದು ನೇರ ಮುಂದಕ್ಕೆ ತಳ್ಳುವ ಆ ಸದ್ದು, ಹದಿನಾರು ಸಲ, ಮುನ್ನೂರು ಮೀಟರಿನಾಚೆ ಹದಿನಾರೂ ಕಪ್ಪು ವೃತ್ತದಲ್ಲಿ, ಹಿಂದಿರುಗಿ ನನ್ನನ್ನು ನೋಡಿ ಭುಜ ತಟ್ಟಿ ತೋರಿಸಿದ, ಗೊತ್ತೇ ಆಗ್ತಿಲ್ಲ ಎಂಬ ಹಾಗೆ, ಆಮೇಲೆ ಹದಿನೇಳನೆಯ ಸಲ ಕೋವಿಯ ಕುದುರೆ ಎಳೆದ, ಸದ್ದು ಬೇರೆ ಇತ್ತು, ದೊಡ್ಡದಲ್ಲ, ಬೇರೆ, ಒಲೆಯಲ್ಲಿ ಕಲ್ಲು ಸಿಡಿದಂತೆ, ಹೊಗೆ ಮೇಲಕ್ಕೆ ಹೋಗದೆ ಪಕ್ಕಕ್ಕೆ ಹೋಯಿತು, ಕೋವಿಯ ಮರ ಸೀಳಿ ಎರಡಾಗಿತ್ತು, ಕಣ್ಣಿಗೆ ಕನ್ನಡಕ ಇತ್ತು, ದೇವರು ದೊಡ್ಡವನು. ಆದರೆ ಅವನು ಎದ್ದು ನಿಂತ. ಕೂಗಲಿಲ್ಲ. ಎಡಗೈಯನ್ನು ಬಲಗೈಯಲ್ಲಿ ಹಿಡಿದು ನೋಡುತ್ತ ನಿಂತ, ಯಾರೋ ಒಂದು ಗಳಿಗೆ ಹಿಡ್ಕೊಂಡಿರಪ್ಪ ಎಂದು ಕೊಟ್ಟುಹೋದ ಸಾಮಾನನ್ನು ನೋಡುವಂತೆ.

ಬಾಗಿಲು ಬಡಿಯುತ್ತಿದ್ದಾರೆ. ಹೆರ್ಗರ್. ಸಂಜೆ ಎಂದಿದ್ದವನು ನಾಲ್ಕಕ್ಕೇ ಬಂದ. ತೋಟೆ ಏಪ್ರನಿನ ಜೇಬಿನಲ್ಲಿದೆ, ಹಿತ್ತಲ ಹಿಂದೆ ತೊರೆ ಇದೆ, ಹತ್ತು ಹೆಜ್ಜೆ, ಹಿಮ ಕರಗಿ ಭೋರ್ಗರೆಯುತ್ತಿದೆ, ಒಂದು ತೋಟೆ ಬಿದ್ದರೆ ಮೀನಿಗೂ ಗೊತ್ತಾಗದು. ಹೆರ್ಗರ್ ಒಳಗೆ ಬಂದು ಡಬ್ಬಿ ಮುಚ್ಚಿ ಕಂಕುಳಲ್ಲಿಟ್ಟುಕೊಂಡ. ಎಡಗೈಯ ಎರಡು ಬೆರಳು ಹೋಯ್ತಂತೆ, ಕಿರುಬೆರಳು, ಅದರ ಪಕ್ಕದ್ದು, ಮಿಕ್ಕಿದ್ದು ಉಳಿಯುತ್ತೆ ಅಂದ್ರು ಡಾಕ್ಟ್ರು, ನೀನು ಒಂಚೂರು ಸೂಪಾದ್ರೂ ಕುಡಿ ಆಗಾಥಾ, ಮುಖ ನೋಡು ಹೇಗಾಗಿದೆ. ತಗೋ, ಎಂದೆ. ಏನಿದು? ಬರಿದಾದದ್ದು, ಇದರ ಮದ್ದು ಅವನದಕ್ಕೆ ಬಿದ್ದಿತ್ತು. ಅಂಗೈ ಮೇಲೆ ಇಟ್ಟು ತೂಗಿ ನೋಡಿದ. ಇದನ್ನ ನಾನು ಕಾಣಲೇ ಇಲ್ಲ ಅಂದ್ಕೊಳ್ಳೋಣ, ಅಂದ. ಕಂಡಿದ್ದೀಯಲ್ಲ, ಅಂದೆ. ಕೊಡ್ಲೇಬೇಕಾ, ಅಂದ. ತಗೋ ಹೆರ್ಗರ್, ನಾನು ಬಸ್ಸು ಹಿಡೀಬೇಕು.

ಆಸ್ಪತ್ರೆಯ ಕೋಣೆ ಬಿಸಿಯಾಗಿತ್ತು, ಅವನ ಕೈ ದಿಂಬಿನ ಮೇಲೆ ಬಿಳಿಯ ಗಂಟಿನಂತೆ, ನಿಂತೇ ಹೇಳಿದೆ, ಕೂತರೆ ಹೇಳಲಾಗುವುದಿಲ್ಲ ಎಂದು, ಎಲ್ಲ ಹೇಳಿದೆ, ಬಟ್ಟಲು, ಎಣಿಕೆ, ಮೂಲೆಯ ತೋಟೆ. ಕೇಳಿ ಗೋಡೆ ಕಡೆ ತಿರುಗಿದ. ನಾನು ಬಂದು ಹೋದ ಮೇಲಾ, ಎಂದ, ಗೋಡೆಗೆ. ಹೂಂ. ಲೆಕ್ಕ ತಪ್ಪಿದ್ದು ಖುಷಿಗಾ, ಸಿಟ್ಟಿಗಾ? ಖುಷಿಗೆ, ಎಂದೆ. ಕ್ಷಮಿಸಿದೆ ಎನ್ನಲಿಲ್ಲ, ಅದನ್ನು ಅವನಿಂದ ಕೇಳುವ ಬಾಯಿ ನನಗೂ ಇರಲಿಲ್ಲ, ಕೋಟು ತೆಗೆದುಕೊಂಡೆ. ಬಾಗಿಲ ಹತ್ತಿರ ಬಂದಾಗ, ಗುಂಡಿ ಹಾಕೋಕಾಗಲ್ಲ ಇನ್ಮೇಲೆ, ಎಂದ, ನಾಳೆ ಬರ್ತಾ ಗುಂಡಿ ಇಲ್ಲದ ಅಂಗಿ ಒಂದು ತಗೊಂಡು ಬಾ. ಬರ್ತೀನಿ, ಎಂದೆ.

ಈಗ ಬಸ್ಸು ಏರು ಹತ್ತುತ್ತಿದೆ, ಅವನು ಓಡಿಸುತ್ತಿದ್ದ ದಾರಿಯೇ, ಯಾರೋ ಹುಡುಗಿ ಓಡಿಸುತ್ತಿದ್ದಾಳೆ, ತಿರುವಿನಲ್ಲಿ ಸೀಟು ಹಿಡಿದುಕೊಂಡೆ, ನನ್ನ ಹತ್ತೂ ಬೆರಳು ಸೀಟಿನ ಮೇಲೆ, ಟೋಬಿಯಾಸನ ಅಂಗಿಗಳು ಮಾಳಿಗೆಯಲ್ಲಿವೆ, ತಲೆಯಿಂದ ಹಾಕಿಕೊಳ್ಳುವ ನೀಲಿಯದು ಒಂದಿತ್ತು, ಸತ್ತವನದ್ದು ಬೇಡ, ಅಂಗಡಿಯಲ್ಲಿ ಹೊಸದು, ನಾಳೆ ಭಾನುವಾರ, ಅಂಗಡಿ ಇಲ್ಲ, ನಾನೇ ಗುಂಡಿ ಬಿಚ್ಚಿ ಹೊಲಿದು — ಕಣ್ಣ ಮುಂದೆ ಆಂಬ್ರೋಸ್ ಚಾಪೆಯ ಪಕ್ಕ ನಿಂತಿದ್ದಾನೆ, ಅಂಗಿ ಯಾವ ಅಳತೆಯದು, ಅವನು ಕೈಯನ್ನು ಹಿಡಿದುಕೊಂಡಿದ್ದಾನೆ, ಯಾರೋ ಕೊಟ್ಟುಹೋಗಿದ್ದಾರೆ, ವಾಪಸ್ ತೆಗೆದುಕೊಳ್ಳಲು ಬರುತ್ತಾರೆಂದು ನಿಂತಿದ್ದಾನೆ, ಹೊಗೆ ಪಕ್ಕಕ್ಕೆ ಹೋಗುತ್ತಿದೆ, ಅವನು ಕೈ ನೋಡುತ್ತಿದ್ದಾನೆ, ಯಾರೂ ಬರುತ್ತಿಲ್ಲ, ಕೈ ನೋಡುತ್ತ