ಎಲ್ಲವನ್ನೂ ಇಳಿಸಿ

ತಿರುಗುತ್ತಿದೆ, ಪರದೆಯ ನಡುವೆ ಆ ನೀಲಿ ಸುತ್ತು ತಿರುಗುತ್ತಲೇ ಇದೆ, ಬೆನ್ನ ಹಿಂದೆ ಶಿವಪ್ರಸಾದ್ ಸರ್ ನಿಂತಿದ್ದಾರೆ, ತ್ರಿವೇಣಿ, ಆ ಬಟನ್ ತೆಗೆದ್ಬಿಡು ಅಂದಿದ್ನಲ್ಲಮ್ಮ, ಅಂದಿರಿ ಸರ್, ಬೆಳಿಗ್ಗೆಯೇ ಅಂದಿರಿ, ‘ಎಲ್ಲವನ್ನೂ ಇಳಿಸಿ’ ಒತ್ತಿ ಯಾರಾದರೂ ಪೂರ್ತಿ ಪಟ್ಟಿ ಡೌನ್‌ಲೋಡ್ ಮಾಡಿದಾಗಲೆಲ್ಲ ಸರ್ವರ್ ಮಲಗಿಬಿಡುತ್ತದೆ, ಒಂದೊಂದೂರಿನ ದನದ ಲೆಕ್ಕ ಬೇರೆ ಬೇರೆ ಇಳಿಸಿಕೊಳ್ಳಲಿ, ಒಟ್ಟಿಗೆ ಯಾರಿಗೆ ಬೇಕು — ಅಜ್ಜಂಪುರದ ಪಶುವೈದ್ಯೆ ಕೋಮಲಾ ಮೇಡಂಗೆ ಬೇಕು, ಈಗಲೇ ಬೇಕು, ಬುಕ್ಕಾಂಬುಧಿ ಕಡೆ ಕಾಲುಬಾಯಿ ರೋಗ ಬಂದ್ಬಿಟ್ಟಿದೆ ಕಣೇ, ಯಾವ್ ದನಕ್ಕೆ ಲಸಿಕೆ ಆಗಿಲ್ಲ ಅಂತ ನೋಡೋಣ ಅಂದ್ರೆ ನಿಮ್ ವೆಬ್‌ಸೈಟು ಅರ್ಧಕ್ಕೇ ನಿಂತೋಗುತ್ತೆ, ಫೋನಿನಲ್ಲಿ ಅವರ ದನಿ ಒಣಗಿತ್ತು. ಒಂದೊಂದೂರಿನ ಪಟ್ಟಿಯೇ ಸಾಕಂತೆ ಸರ್‌ಗೆ. ಅದು ದನದ ಕಿವಿಗೆ ನಂಬರಿನ ಓಲೆ ಹಾಕಿದ ಊರಿನದು, ಮಾರಿದ ಮೇಲೆ ಯಾರ ಕೊಟ್ಟಿಗೆಗೆ ಹೋಯಿತೆಂಬುದು ಒಟ್ಟು ಫೈಲಿನಲ್ಲಿ ಮಾತ್ರ ಇರುತ್ತದೆ, ಹಿರೇನಲ್ಲೂರಿನ ನಮ್ಮ ಮನೆಗೆ ತರೀಕೆರೆಯಿಂದ ತಂದ ಹಸುವೂ ಹಿಂದೊಮ್ಮೆ ಹಾಗೇ ಪಟ್ಟಿಯಿಂದ ತಪ್ಪಿಹೋಯಿತು, ನಿಮ್ ಹೆಸ್ರಿಲ್ಲ ಕಣಮ್ಮ ಎಂದು ಲಸಿಕೆಯವರು ಬಾಗಿಲು ದಾಟಿ ಹೋದರು, ಆಮೇಲೆ ಬಾಯಲ್ಲಿ ಜೊಲ್ಲು, ಗೊರಸಿನ ಸಂದಿಯಲ್ಲಿ ಹುಣ್ಣು, ಅವ್ವ ಅಂಬಲಿ ಹಿಡಿದು ಅದರ ಮುಂದೆ ಕೂತೇ ಇದ್ದಳು, ಅದು ಮೂಸಿ ಮುಖ ತಿರುಗಿಸುತ್ತಿತ್ತು, ಸತ್ತೇಹೋಯಿತು — ಇಲ್ಲ, ಬಟನ್ ತೆಗೆಯುವುದಿಲ್ಲ, ಅದರ ಒಳಗನ್ನೇ ಬದಲಿಸಿದೆ, ಹಳೆಯ ಕೋಡು ಒಂದೊಂದು ದನಕ್ಕೂ ಮಾಲೀಕ ಯಾರು, ಲಸಿಕೆ ಯಾವಾಗ ಎಂದು ಡೇಟಾಬೇಸನ್ನು ಮತ್ತೆ ಮತ್ತೆ ಕೇಳುತ್ತಿತ್ತು, ಬಂದದ್ದನ್ನೆಲ್ಲ ಮೆಮೊರಿಯಲ್ಲಿ ಪೇರಿಸಿಕೊಂಡು ಕೊನೆಗೆ ಕುಸಿಯುತ್ತಿತ್ತು, ಈಗ ಒಂದೇ ಸಲ ಕೇಳುತ್ತದೆ, ಬಂದ ಸಾಲನ್ನು ಬಂದ ಹಾಗೇ ಫೈಲಿಗೆ ಬಿಡುತ್ತದೆ, ಯಾವುದನ್ನೂ ಹಿಡಿದಿಟ್ಟುಕೊಳ್ಳುವುದಿಲ್ಲ. ಯಾರನ್ನ ಕೇಳಿ ಸರ್ವರ್‌ಗೆ ಹಾಕ್ದೆ, ಸರ್ ಕೇಳುತ್ತಿದ್ದಾರೆ, ಯಾರನ್ನೂ ಕೇಳಲಿಲ್ಲ, ಕೇಳಿದ್ದರೆ ಬೇಡ ಅನ್ನುತ್ತಿದ್ದಿರಿ, ಇದು ನಿಂತ್ರೆ ನಿನ್ ಕೆಲ್ಸಾನೂ ನಿಲ್ಲುತ್ತೆ, ನಿಲ್ಲಲಿ, ಬೀರೂರಿನಿಂದ ಹೊರಡುವ ರೈಲು ಕಿಟಕಿಯಾಚೆ ಕೂಗುತ್ತದೆ, ಮೇಜು ಅದುರುತ್ತದೆ, ಮೌಸಿನಿಂದ ಕೈ ಹಿಂದಕ್ಕೆ ತೆಗೆಯುವುದಿಲ್ಲ —

ಸುತ್ತು ಇಲ್ಲ. ಪರದೆಯ ಕೆಳಗೆ ಫೈಲು ಬಂದು ಕೂತಿದೆ, ತೆರೆದೆ, ನಮ್ಮ ಮೂರು ತಾಲ್ಲೂಕಿನ ದನದ ಲೆಕ್ಕವೂ ಇದೆ, ಕೊನೆಯ ಸಾಲಿನವರೆಗೂ ಇದೆ, ಸರ್ವರ್ ಎದ್ದೇ ಇದೆ, ಕಳಿಸಿದೆ, ಬಂತು ಕಣೇ, ಹೊರಟ್ವಿ ಅಂದರು ಕೋಮಲಾ ಮೇಡಂ, ಆಮೇಲೆ ಬಿಸಿಲು ಇಳಿದು ಕೀಬೋರ್ಡಿನ ಮೇಲೆ ಬಿತ್ತು, ಸರಿ, ಇವತ್ತೇನೋ ನಡೀತು, ನಾಳೆ ಆ ಬಟನ್ ತೆಗೆದ್ಬಿಡು, ಸರ್ ಈಗ ಮೆತ್ತಗೆ ಹೇಳುತ್ತಿದ್ದಾರೆ, ಈ ಮೆತ್ತಗಿನ ಮಾತಿಗೇ ನಾನು ಇಷ್ಟು ದಿನ ತಲೆಯಾಡಿಸಿದ್ದು, ಕುರ್ಚಿ ತಿರುಗಿಸಿ ಅವರ ಮುಖವನ್ನೇ ನೋಡಿದೆ, ತೆಗೆಯಲ್ಲ ಸರ್ ಅಂದೆ, ಗಟ್ಟಿಯಾಗಿಯೇ ಅಂದೆ, ಅವರು ತಿರುಗಿ ತಮ್ಮ ಕೋಣೆಗೆ ಹೋದರು, ಫೋನು ಮಿಣುಕಿತು, ಮೇಡಂ ಕಳಿಸಿದ ಫೋಟೋ, ಊರ ಪಟ್ಟಿಯಲ್ಲಿಲ್ಲದ ಹಸು, ಈಗಷ್ಟೇ ಲಸಿಕೆ ಹಾಕಿದೆವು ಎಂದಿದ್ದಾರೆ, ಹಸುವಿನ ಕತ್ತಿನ ಮೇಲೆ ಯಾರದೋ ಕೈ, ಅವ್ವನದರಂಥದೇ ಸವೆದ ಹಸಿರು ಬಳೆ, ಸೂಜಿ ಚುಚ್ಚಿದ ಜಾಗವನ್ನು ಉಜ್ಜುತ್ತಿರುವ ಕೈ, ಮುಖ ಕಾಣದು, ಕೈ ಮಾತ್ರ, ಉಜ್ಜುತ್ತಿರುವ ಆ ಕೈ, ಆ ಕೈ —